ಮನೆಯಲ್ಲೇ ಸೈಡರ್ ಮಾಡುವ ಕಿಟ್: ಹೈಡ್ರೋಮೀಟರಿಗೆ ಪೂರ್ಣ ಅಂಕ, ಪುಸ್ತಿಕೆಗೆ ಸೊನ್ನೆ

ಕಳೆದ ಅಕ್ಟೋಬರಿನಲ್ಲಿ ಸೇಬಿನ ರಸದಿಂದ ಸೈಡರ್ ಎಂಬ ಮದ್ಯ ತಯಾರಿಸುವ ಕಿಟ್ ಒಂದನ್ನು ಆನ್‌ಲೈನಿನಲ್ಲಿ 32 ಪೌಂಡ್ ಕೊಟ್ಟು ತರಿಸಿಕೊಂಡೆ. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಒಂದೇ ಒಂದು ಪೆಟ್ಟಿಗೆಯನ್ನು ಬಳಸಿ ನೋಡಿ ಕಂಪನಿಯ ಹೆಸರಿಗೆ ಮಸಿ ಬಳಿಯುವುದು ನ್ಯಾಯವಲ್ಲವೆಂದು ಇಲ್ಲಿ ಅದರ ಹೆಸರು ಹೇಳುತ್ತಿಲ್ಲ. ಈ ಬೆಲೆಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದೂ ಇವೇ ವಸ್ತುಗಳಾದ್ದರಿಂದ, ಕೊಳ್ಳಬೇಕೆಂದಿರುವವರಿಗೆ ನನ್ನ ಅನುಭವ ಹೇಗಿದ್ದರೂ ಉಪಯೋಗಕ್ಕೆ ಬಂದೀತು.

ಮೊದಲು ಕಾನೂನಿನ ಮಾತು. ಬ್ರಿಟನ್ನಿನಲ್ಲಿ 1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರವು ಮನೆಯಲ್ಲಿ ಬಿಯರ್ ಮಾಡುವವರಿಗೂ ಲೈಸೆನ್ಸ್ ಕಡ್ಡಾಯ ಮಾಡಿತ್ತು. ಅದು ರದ್ದಾದದ್ದು 1963ರಲ್ಲಿ. ಈಗ ಸ್ವಂತಕ್ಕೆ ಬಿಯರ್, ವೈನ್, ಸೈಡರ್ ಮಾಡಿಕೊಳ್ಳಲು ಅಡ್ಡಿಯಿಲ್ಲ, ಆದರೆ ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ, ಭಟ್ಟಿ ಇಳಿಸುವಂತೆಯೂ ಇಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ತಯಾರಿಸಲು ಲೈಸೆನ್ಸ್ ಬೇಕಾಗುವುದರಿಂದ, ಊರಿನಲ್ಲಿರುವ ಗೆಳೆಯರು ಇದನ್ನು ಓದಿ ಸುಮ್ಮನಿರುವುದು ಒಳ್ಳೆಯದು.

ಪೆಟ್ಟಿಗೆಯಲ್ಲಿ ಇದ್ದದ್ದು ನಾಲ್ಕೂವರೆ ಲೀಟರಿನ ಗಾಜಿನ ಜಾರು, ನಡುವೆ ತೂತಿರುವ ರಬ್ಬರ್ ಬಿರಡೆ, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಏರ್‌ಲಾಕ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎಂಬ ಕಡ್ಡಿ, ಅದನ್ನು ತೇಲಿಬಿಡಲು ಉದ್ದನೆಯ ಕೊಳವೆ, ರಸ ಎಳೆಯುವ ಪೈಪು, ಕ್ರಿಮಿನಾಶಕ ಪುಡಿ, ಯೀಸ್ಟಿನ ಪೊಟ್ಟಣ, ಸಿಹಿಯ ಪೊಟ್ಟಣ ಮತ್ತು ಎಂಟು ಪುಟದ ಪುಸ್ತಿಕೆ. ಸೇಬಿನ ರಸವನ್ನು ನಾವೇ ಕೊಳ್ಳಬೇಕು. ರಟ್ಟಿನ ಡಬ್ಬಿಯಲ್ಲಿ ಬರುವ ಸಾದಾ ರಸ ಸಾಕು. ಆದರೆ ಅದರಲ್ಲಿ ಪೊಟ್ಯಾಸಿಯಂ ಸೋರ್ಬೇಟ್‌ನಂತಹ ಸಂರಕ್ಷಕ ಇರಬಾರದು, ಇದ್ದರೆ ಯೀಸ್ಟ್ ಬೆಳೆಯುವುದಿಲ್ಲ. ಇಷ್ಟು ಮುಖ್ಯವಾದ ಈ ಎಚ್ಚರಿಕೆಯನ್ನು ಪುಸ್ತಿಕೆಯ ಕೊನೆಯ ಪುಟದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ಮಾಡುವ ಕೆಲಸ ದೋಸೆ ಹಿಟ್ಟು ಹುದುಗಿಸುವುದಕ್ಕಿಂತ ಕಷ್ಟವೇನಲ್ಲ. ಆದರೆ ದೋಸೆ ಹಿಟ್ಟಿಗಿಲ್ಲದ ಮಡಿ ಇದಕ್ಕೆ ಬೇಕು. ರಸಕ್ಕೆ ತಾಗುವ ಪ್ರತಿಯೊಂದು ವಸ್ತುವನ್ನೂ ಕ್ರಿಮಿನಾಶಕದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಜಾರಿನಲ್ಲಿ ನೊರೆ ಏಳಲು ಜಾಗ ಬಿಟ್ಟು ಸುಮಾರು ನಾಲ್ಕು ಲೀಟರ್ ರಸ ಸುರಿದು, ಯೀಸ್ಟ್ ಉದುರಿಸಿ ಬಿರಡೆ ಹಾಕಿದರೆ ಮೊದಲ ದಿನದ ಕೆಲಸ ಮುಗಿಯಿತು. ಏರ್‌ಲಾಕಿನಲ್ಲಿ ನಿಲ್ಲುವ ಒಂದು ಚಮಚ ನೀರು ಒಳಗಿನ ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗಳಾಗಿ ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನ್ ಮಾಡುವಾಗ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತಿದ್ದರು. ಕೆಲವು ವರ್ಷ ಅದು ಅಮೃತವಾಗುತ್ತಿತ್ತು, ಕೆಲವು ವರ್ಷ ಉಪ್ಪಿನಕಾಯಿಗೆ ಹಾಕುವ ವಿನೆಗರ್ ಆಗುತ್ತಿತ್ತು. ಮದ್ಯವನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕೇ ಬೇಕು. ಅವರ ಬಟ್ಟೆಗೂ ಈ ಪ್ಲಾಸ್ಟಿಕ್ ತುಂಡಿಗೂ ಇರುವ ವ್ಯತ್ಯಾಸ ಅಷ್ಟೇ, ಮತ್ತು ಕಿಟ್‌ನಲ್ಲಿ ಕೊಟ್ಟ ಹಣ ಸಾರ್ಥಕವೆನಿಸುವ ಎರಡು ವಸ್ತುಗಳಲ್ಲಿ ಇದೊಂದು.

ಇನ್ನೊಂದು ಹೈಡ್ರೋಮೀಟರ್. ಡೇರಿಯಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸದಲ್ಲಿ ಸಕ್ಕರೆ ಹೆಚ್ಚಿದ್ದರೆ ಕಡ್ಡಿ ಮೇಲೆ ತೇಲುತ್ತದೆ, ಸಕ್ಕರೆ ಕರಗಿ ಮದ್ಯವಾದಂತೆಲ್ಲ ಕೆಳಗಿಳಿಯುತ್ತದೆ. ಬರೀ ನೀರಿನಲ್ಲಿ ಅದು ತೋರಿಸುವುದು 1.000; ಮೊದಲ ದಿನ ನನ್ನ ರಸ 1.046 ತೋರಿಸಿತು. ಪುಸ್ತಿಕೆಯ ಆದೇಶವೋ, ‘ಏಳನೆಯ ದಿನ ಬಾಟಲಿಗೆ ತುಂಬಿಸಿ’ ಎಂಬುದು. ಅಕ್ಟೋಬರಿನಲ್ಲಿ ನಮ್ಮ ಅಡುಗೆಮನೆಯ ಉಷ್ಣಾಂಶ 16 ಡಿಗ್ರಿ ದಾಟಿರಲಿಲ್ಲ, ಅಷ್ಟು ಚಳಿಯಲ್ಲಿ ಯೀಸ್ಟಿನ ಕೆಲಸ ನಿಧಾನ. ಏಳನೆಯ ದಿನ ಕೊಳವೆಗೆ ರಸ ತೆಗೆದು, ಕಡ್ಡಿಗೆ ಅಂಟಿದ ಗುಳ್ಳೆಗಳು ಬಿಡಲೆಂದು ಅದನ್ನು ಬುಗುರಿಯಂತೆ ಒಮ್ಮೆ ತಿರುಗಿಸಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ನೋಡಿದರೆ 1.018. ಎಂದರೆ ಲೀಟರಿಗೆ 40 ಗ್ರಾಂಗಿಂತ ಹೆಚ್ಚು ಸಕ್ಕರೆ ಇನ್ನೂ ಉಳಿದಿತ್ತು. ಶಾಂಪೇನ್ ತಯಾರಕರು ಬಾಟಲಿಯೊಳಗಿನ ಎರಡನೆಯ ಹುದುಗಿಗೆ ಸೇರಿಸುವುದು ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ; ಅಷ್ಟರಿಂದಲೇ ಕಾರಿನ ಟೈರಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಒತ್ತಡ ಹುಟ್ಟುತ್ತದೆ, ಅದಕ್ಕೆಂದೇ ಆ ಬಾಟಲಿಗಳು ಅಷ್ಟು ದಪ್ಪ. ನಾನು ಪುಸ್ತಿಕೆಯನ್ನು ನಂಬಿ ಸಾಮಾನ್ಯ ಬಿಯರ್ ಬಾಟಲಿಗೆ ತುಂಬಿಸಿ ಮುಚ್ಚಳ ಬಿಗಿದಿದ್ದರೆ, ಕಪಾಟಿನಲ್ಲಿ ಗಾಜಿನ ಬಾಂಬುಗಳನ್ನು ಜೋಡಿಸಿಟ್ಟಂತಾಗುತ್ತಿತ್ತು. ಹೈಡ್ರೋಮೀಟರನ್ನು ಕೈಗೆ ಕೊಟ್ಟು, ದಿನ ಎಣಿಸಿ ಎಂದು ಹೇಳುವ ಕಂಪನಿಯ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ನನ್ನ ರಸ 1.000ಕ್ಕೆ ಇಳಿದದ್ದು 19ನೆಯ ದಿನ; ಮೂರು ದಿನ ಬಿಟ್ಟು ನೋಡಿದಾಗಲೂ ಅಲ್ಲಿಯೇ ನಿಂತಿತ್ತು. ಮೊದಲ ಮತ್ತು ಕೊನೆಯ ಅಳತೆಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು ಪ್ರಮಾಣ ಸಿಗುತ್ತದೆ: ಶೇ. 6.

ಬಿರಡೆಯ ಬಗ್ಗೆಯೂ ಒಂದು ದೂರಿದೆ. ಮೂರು ದಿನವಾದರೂ ಏರ್‌ಲಾಕಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ, ಆದರೆ ಜಾರಿನ ಒಳಗೆ ನೊರೆ ಉಕ್ಕುತ್ತಿತ್ತು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೆ ಮಾಡುವಂತೆ ಬಿರಡೆಯ ಸುತ್ತ ಸೋಪಿನ ನೀರು ಹಚ್ಚಿ ನೋಡಿದಾಗ ಅನಿಲ ಅಂಚಿನಿಂದ ಸೋರುತ್ತಿರುವುದು ಕಂಡಿತು. ಜಾರಿನ ಬಾಯಿಗಿಂತ ಬಿರಡೆ ಕೂದಲೆಳೆಯಷ್ಟು ಚಿಕ್ಕದು. ಬಿರಿಯಾನಿ ಪಾತ್ರೆಗೆ ದಮ್ ಕಟ್ಟುವಂತೆ ಮೈದಾ ಹಿಟ್ಟು ಮೆತ್ತಿ ಆ ಸಲದ ಕೆಲಸ ಸಾಗಿಸಿದೆ. ಕಂಪನಿಗೆ ಬರೆದ ಪತ್ರಕ್ಕೆ ಒಂಬತ್ತು ದಿನದ ಮೇಲೆ ಉತ್ತರ ಬಂತು, ಹೊಸ ಬಿರಡೆಯನ್ನು ಉಚಿತವಾಗಿಯೇ ಕಳುಹಿಸಿದರು. ಅಷ್ಟರಮಟ್ಟಿಗೆ ಅವರ ಸೇವೆಯನ್ನು ಮೆಚ್ಚಬೇಕು.

ಇನ್ನು ರುಚಿ. ಕೊಡಗಿನ ಮನೆ ವೈನಿನ ಸಿಹಿಗೆ ಒಗ್ಗಿದ ನಾಲಿಗೆಗೆ ಈ ಸೈಡರ್ ನೀರಸವೆನಿಸಬಹುದು. ಸಕ್ಕರೆಯೆಲ್ಲ ಮದ್ಯವಾಗಿ ಹೋದ ಮೇಲೆ ಉಳಿಯುವುದು ಸೇಬಿನ ಹುಳಿ ಮತ್ತು ಹಿಂದೆ ಸಣ್ಣದೊಂದು ಒಗರು ಮಾತ್ರ. ಇದನ್ನು ಸರಿಪಡಿಸಲೆಂದು ಕೊಟ್ಟಿರುವ ಸಿಹಿಯ ಪೊಟ್ಟಣದಲ್ಲಿ ಯೀಸ್ಟ್ ತಿನ್ನಲಾರದ ಕೃತಕ ಸಿಹಿಯಿದೆ. ಅರ್ಧ ಲೀಟರಿಗೆ ಚಿಟಿಕೆ ಹಾಕಿ ನೋಡಿದೆ, ಗಂಟಲಿನಲ್ಲಿ ಔಷಧಿಯಂಥ ರುಚಿ ಬಹಳ ಹೊತ್ತು ಉಳಿಯಿತು. ಉಳಿದದ್ದನ್ನು ಹಾಗೆಯೇ ಬಿಟ್ಟೆ. ಜಾರನ್ನು ನಾಲ್ಕು ದಿನ ಚಳಿಯಲ್ಲಿ ಇಟ್ಟು, ಗಸಿ ಅಡಿಗೆ ಕುಳಿತ ಮೇಲೆ ಪೈಪಿನಿಂದ ಎಳೆದು ತುಂಬಿಸಿದ ಬಾಟಲಿಗಳಲ್ಲಿ, ಡಿಸೆಂಬರಿನ ಹೊತ್ತಿಗೆ ಹುಳಿ ಮೆತ್ತಗಾಗಿ, ಸೇಬಿನ ಸಿಪ್ಪೆಯ ಪರಿಮಳ ಮೇಲೆ ಬಂದಿತ್ತು. ಎರಡನೆಯ ಸಲ ಪೆಟ್ಟಿಗೆಯ ಹೆಸರಿಲ್ಲದ ಯೀಸ್ಟ್ ಬಿಟ್ಟು ಲ್ಯಾಲ್‌ವಿನ್ 71ಬಿ ಹಾಕಿದೆ. ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲದ ಒಂದು ಭಾಗವನ್ನು ಈ ಯೀಸ್ಟ್ ತಾನೇ ಕರಗಿಸುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಕಾಯದೆ ಕುಡಿಯಬಹುದಾದ ಸೈಡರ್ ಬಂತು.

ಎಂಥ ಬಾಟಲಿ ಬೇಕೆಂಬ ವಿಷಯದಲ್ಲಿ ಪುಸ್ತಿಕೆ ಮೌನವಾಗಿದೆ. ಗುಳ್ಳೆ ಬೇಕೆನ್ನುವವರು ಹುದುಗು ಪೂರ್ತಿ ನಿಂತ ಮೇಲೆ ಲೀಟರಿಗೆ ಒಂದು ಟೀ ಚಮಚ ಸಕ್ಕರೆ ಹಾಕಿ, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸುವುದು ಕ್ಷೇಮ. ಬೆರಳಿನಿಂದ ಒತ್ತಿದಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಫ್ರಿಜ್ಜಿಗೆ ಸೇರಿಸಬೇಕು.

ಇಡಿಯ ಪೆಟ್ಟಿಗೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಜಾರು, ಏರ್‌ಲಾಕ್, ಹೈಡ್ರೋಮೀಟರ್, ಪೈಪು ಬಿಡಿಯಾಗಿ ಸಿಗುತ್ತವೆಯಾದರೆ ಅವನ್ನೇ ಕೊಂಡು, ಬಿರಡೆಯನ್ನು ಜಾರಿಗೆ ಹಾಕಿ ಒತ್ತಿ ನೋಡಿಯೇ ಮನೆಗೆ ತನ್ನಿ. ಕಿಟ್‌ ಅನ್ನೇ ಕೊಳ್ಳುವುದಾದರೆ ಪುಸ್ತಿಕೆಯಲ್ಲಿ ‘ಏಳನೆಯ ದಿನ’ ಎಂದಿರುವ ಕಡೆ ಗೆರೆ ಹೊಡೆದು, ‘ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಳತೆ ಬಂದ ಮೇಲೆ’ ಎಂದು ಬರೆದುಕೊಳ್ಳಿ.