ಬಿಳಿಗಿರಿರಂಗನ ಬೆಟ್ಟದ ಉಚಿತ ಕಣ್ಣಿನ ಶಿಬಿರ: ಶಸ್ತ್ರಚಿಕಿತ್ಸೆ ಉತ್ತಮ, ಆಮೇಲಿನ ಆರೈಕೆ ಸಾಲದು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗಾಗಿ ಹೊರಗಿನ ಧರ್ಮಾರ್ಥ ಆಸ್ಪತ್ರೆಯೊಂದು ನಡೆಸುವ ಉಚಿತ ಕಣ್ಣಿನ ಶಿಬಿರಕ್ಕೆ ಬಂಗ್ಲೆಪೋಡು, ಯರಕನಗದ್ದೆ ಕಡೆಯ ಹಿರಿಯರ ಜೊತೆಯಲ್ಲಿ ಹೋಗಿ, ಅವರು ಶಸ್ತ್ರಚಿಕಿತ್ಸೆ ಮುಗಿಸಿ ಪೋಡಿಗೆ, ಅಂದರೆ ತಮ್ಮ ಹಾಡಿಗೆ, ಮರಳಿದ ಮೇಲೂ ಬಳಿಯಲ್ಲಿದ್ದು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದುದನ್ನು ಹೇಳುತ್ತೇನೆ. ಪೊರೆ ಬಂದವರನ್ನು ಆಸ್ಪತ್ರೆಯ ಬಸ್ಸಿನಲ್ಲೇ ಮೈಸೂರಿಗೆ ಕರೆದೊಯ್ದು, ಊಟ ವಸತಿ ಕೊಟ್ಟು, ಪೊರೆ ತೆಗೆದು ಲೆನ್ಸ್ ಕೂರಿಸಿ, ಮರುದಿನ ಪಟ್ಟಿ ಬಿಚ್ಚಿ ಪರೀಕ್ಷಿಸಿ ವಾಪಸು ಕಳುಹಿಸುವವರೆಗೆ ಯಾರಿಂದಲೂ ಒಂದು ರೂಪಾಯಿ ಕೇಳಲಿಲ್ಲ, ಯಾರನ್ನೂ ಗದರಲಿಲ್ಲ. ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ. 66.2ರಷ್ಟಕ್ಕೆ ಪೊರೆಯೇ ಕಾರಣ. ಆದ್ದರಿಂದ ಪೊರೆಗೆ ಮೊದಲ ಸ್ಥಾನ ಕೊಟ್ಟಿರುವುದು ಸರಿಯಾಗಿದೆ. ಲಂಟಾನ ಪೊದೆಗಳ ಮರೆಯಲ್ಲಿ ಆನೆ ನಿಂತಿರುವುದನ್ನು ದೂರದಿಂದಲೇ ಗುರುತಿಸಬೇಕಾದ ಕಾಡಿನಲ್ಲಿ ನಡೆದಾಡುವವರಿಗೆ ಮರಳಿ ಬಂದ ದೃಷ್ಟಿಯೆಂದರೆ ಪ್ರಾಣರಕ್ಷಣೆಯೇ.

ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸಿದ ನಾಡು ನಮ್ಮದು. ಈಗ ಸೋಂಕಿನ ಅಪಾಯವನ್ನು ಮನಗಂಡು, ಶಾಲೆ ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಬಿಟ್ಟು, ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯುವ ಕ್ರಮ ಬಂದಿದೆ. ವೈದ್ಯಕೀಯವಾಗಿ ಇದು ಒಳ್ಳೆಯ ಬದಲಾವಣೆ. ಆದರೆ ಅದರಿಂದ ಹೆಚ್ಚಿದ ದೂರದ ಹೊರೆ ಪೂರ್ತಿಯಾಗಿ ರೋಗಿಯ ಮನೆಯವರ ಮೇಲೆ ಬಿದ್ದಿದೆ. ಹಿರಿಯರೊಬ್ಬರು ಹೊರಟರೆ ಮನೆಯ ಇನ್ನೊಬ್ಬರು ಜೊತೆಗೆ ಹೊರಡಲೇಬೇಕು, ಅಷ್ಟು ದಿನದ ಕೂಲಿ ಹೋಗುತ್ತದೆ. ಕಾಫಿ ತೋಟದ ಕೆಲಸವಿರುವಾಗಲೋ ಜೇನು, ನೆಲ್ಲಿಕಾಯಿಯ ಕಾಲದಲ್ಲೋ ಶಿಬಿರ ಬಂದರೆ, ಅಜ್ಜಿಯರು ತಾವಾಗಿಯೇ 'ಮುಂದಿನ ಸಲ ನೋಡೋಣ' ಎಂದು ಹಿಂದೆ ಸರಿಯುತ್ತಾರೆ. ದಿನಾಂಕ ಗೊತ್ತುಮಾಡುವ ಮೊದಲು ಪೋಡಿನ ಯಜಮಾನರನ್ನು ಒಂದು ಮಾತು ಕೇಳಿದ್ದರೆ ಇದನ್ನು ತಪ್ಪಿಸಬಹುದಿತ್ತು.

ನನ್ನ ಮುಖ್ಯ ಆಕ್ಷೇಪ ಬೇರೆಯದು. ರಕ್ತದೊತ್ತಡ ಅಥವಾ ಸಕ್ಕರೆ ಹೆಚ್ಚಿದ್ದವರನ್ನು ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಕೈಬಿಟ್ಟರು. ಅದು ಅವರ ಸುರಕ್ಷತೆಗೇ ಅಗತ್ಯ, ಒಪ್ಪುತ್ತೇನೆ. ಆದರೆ ಅವರ ಹೆಸರನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ಆಶಾ ಕಾರ್ಯಕರ್ತೆಗಾಗಲಿ ಯಾರೂ ಕೊಡಲಿಲ್ಲ. ಮಾತ್ರೆ ಶುರುವಾಗದೆ, ಒತ್ತಡ ಇಳಿಯದೆ, ಅದೇ ಮನುಷ್ಯ ಮುಂದಿನ ಶಿಬಿರದಲ್ಲಿ ಅದೇ ಕಾರಣಕ್ಕೆ ಮತ್ತೆ ವಾಪಸು ಬರುತ್ತಾನೆ, ಅಷ್ಟರಲ್ಲಿ ಪೊರೆ ಇನ್ನಷ್ಟು ಬಲಿತಿರುತ್ತದೆ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲವನ್ನು ಪಾಪೆ ಹಿಗ್ಗಿಸಿ ನೋಡುವ ಏರ್ಪಾಡು ಶಿಬಿರದಲ್ಲಿ ಇರಲಿಲ್ಲ, ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆಗಾಗಿ ಕಣ್ಣಿನ ಒತ್ತಡ ಅಳೆಯುವುದೂ ಇರಲಿಲ್ಲ. ಇವೆರಡರಲ್ಲೂ ಹೋದ ದೃಷ್ಟಿಯನ್ನು ಬಹುಮಟ್ಟಿಗೆ ಮರಳಿ ಪಡೆಯಲಾಗದು.

ಆರೈಕೆಯ ಸೂಚನೆಗಳೂ ಪೇಟೆಯ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವುಗಳಂತಿದ್ದವು. ಹೊಗೆಯಿಂದ ದೂರವಿರಿ ಎಂಬ ಮಾತನ್ನು, ಸೌದೆ ಒಲೆಯ ಸುತ್ತಲೇ ಉಣ್ಣುವ ಮಲಗುವ ಒಂದೇ ಕೋಣೆಯ ಮನೆಯಲ್ಲಿ ಪಾಲಿಸುವುದು ಹೇಗೆ? ಹನಿ ಔಷಧಿಯನ್ನು ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತ ಹೋಗಬೇಕೆಂದು ಅಚ್ಚು ಹಾಕಿದ ಚೀಟಿ ಕೊಟ್ಟರೆ, ಓದು ಬಾರದ ತಾತ ಒಂದೋ ಬೇಗ ನಿಲ್ಲಿಸುತ್ತಾರೆ, ಇಲ್ಲವೇ ಬಾಟಲಿ ಮುಗಿಯುವವರೆಗೆ ಒಂದೇ ಲೆಕ್ಕದಲ್ಲಿ ಹಾಕುತ್ತಾರೆ. ಪೋಡಿನಲ್ಲೇ ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಒಂದು ದಿನ ತರಬೇತಿ ಕೊಟ್ಟು ಸಣ್ಣ ಗೌರವಧನದಲ್ಲಿ ಹನಿ ಹಾಕಿಸುವ ಕೆಲಸ ಒಪ್ಪಿಸಬಹುದು.

ಚಾಳೀಸಿನ ಕನ್ನಡಕ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಸಿಕ್ಕಿತು. ಧಾನ್ಯ ಹಸನು ಮಾಡಲು, ಸೂಜಿಗೆ ದಾರ ಪೋಣಿಸಲು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ನಲವತ್ತು ದಾಟಿದ ಎಲ್ಲರಿಗೂ ಅದು ಬೇಕು, ಅದರ ಬೆಲೆಯೂ ಕಡಿಮೆ.

ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ವೈದ್ಯರು ಬೆಟ್ಟದಲ್ಲೇ ನೆಲೆಸಿ ಕೆಲಸ ಮಾಡಬಹುದೆಂದು ಇದೇ ಬೆಟ್ಟದಲ್ಲಿ ತೋರಿಸಿದೆ. ಮದುರೆಯ ಅರವಿಂದ್ ಆಸ್ಪತ್ರೆ ತನ್ನ ದೃಷ್ಟಿ ಕೇಂದ್ರಗಳಲ್ಲಿ ತರಬೇತಿ ಪಡೆದ ತಂತ್ರಜ್ಞರನ್ನು ಕೂರಿಸಿ, ದೂರದ ವೈದ್ಯರೊಂದಿಗೆ ಕಂಪ್ಯೂಟರಿನ ಮೂಲಕ ಸಮಾಲೋಚನೆ ನಡೆಸುತ್ತಿದೆ. ಅಂಥದ್ದೊಂದು ಕೊಠಡಿ, ವಾರಕ್ಕೊಂದು ದಿನವಾದರೂ ಸರಿ, ಬೆಟ್ಟದ ಮೇಲೆ ತೆರೆದರೆ ಶಿಬಿರದ ಅರ್ಧ ಕೊರತೆ ನೀಗುತ್ತದೆ.

ಅಲ್ಲಿಯವರೆಗೆ, ಪೊರೆ ಬಂದವರು ಈ ಶಿಬಿರಕ್ಕೆ ಖಂಡಿತ ಹೋಗಿ. ಆಧಾರ್ ಮತ್ತು ಪಡಿತರ ಚೀಟಿಯ ಜೊತೆಗೆ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ. ಕೆಲವು ವಾರ ಮುಂಚೆಯೇ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಬಸ್ಸು ಹತ್ತುವ ಮುನ್ನ ಮರುತಪಾಸಣೆ ಎಲ್ಲಿ, ಯಾವ ದಿನ, ವಾಹನ ಬರುತ್ತದೆಯೇ ಎಂಬುದನ್ನು ಬರೆಸಿಕೊಳ್ಳಿ.