ಲಂಡನ್ ಅಕ್ವಾಟಿಕ್ಸ್ ಸೆಂಟರ್: ಬ್ಯಾಕ್‌ಸ್ಟ್ರೋಕ್ ಬರೋರಿಗೆ ಮಾತ್ರ ಪೂರ್ತಿ ದುಡ್ಡು ವಸೂಲಿ

ಸ್ಟ್ರಾಟ್‌ಫರ್ಡ್ ಸ್ಟೇಷನ್ನಲ್ಲಿ ಇಳಿದು ವೆಸ್ಟ್‌ಫೀಲ್ಡ್ ಮಾಲ್ ದಾಟಿ ಒಲಿಂಪಿಕ್ ಪಾರ್ಕ್ ಕಡೆ ನಡೆದ್ರೆ ಸೇತುವೆ ಪಕ್ಕದಲ್ಲೇ ಈ ಅಕ್ವಾಟಿಕ್ಸ್ ಸೆಂಟರ್ ಸಿಗುತ್ತೆ. ಆರ್ಕಿಟೆಕ್ಟ್ ಝಹಾ ಹದೀದ್ ಡಿಸೈನ್ ಮಾಡಿದ ಕಟ್ಟಡ ಅಂದ್ರೆ ಹೊರಗೆ ನಿಂತು ಫೋಟೋ ತೆಗೆದು ವಾಪಸ್ ಬರೋದು ಅನ್ಕೊಂಡಿರ್ತೀವಿ, ಆದ್ರೆ ಇದು ಪಬ್ಲಿಕ್ ಪೂಲ್ ಕಣ್ರೀ, ಟಿಕೆಟ್ ತಗೊಂಡು ಯಾರು ಬೇಕಾದ್ರೂ ಇಳೀಬಹುದು. 2012ರ ಒಲಿಂಪಿಕ್ಸಲ್ಲಿ ಅಮೆರಿಕದ ಈಜುಗಾರ ಫೆಲ್ಪ್ಸ್ ಈಜಿದ ಅದೇ 50 ಮೀಟರ್ ಪೂಲಲ್ಲಿ ನಾವೂ ಕೈಕಾಲು ಬಡೀಬಹುದು.

ಹೊರಗಿಂದ ನನಗೆ ಅಷ್ಟೇನೂ ಹಿಡಿಸಲಿಲ್ಲ, ದೊಡ್ಡದು ಅಷ್ಟೆ. ಒಳಗೆ ನೀರಿಗಿಳಿದು ಅಂಗಾತ ತೇಲಿದಾಗಲೇ ಈಯಮ್ಮ ಏನು ಮಾಡಿದ್ದಾರೆ ಅಂತ ಗೊತ್ತಾಗೋದು. ಇಬ್ಬರು ಎರಡು ತುದಿ ಹಿಡ್ಕೊಂಡು ಒದ್ದೆ ಸೀರೆ ಒದರಿದಾಗ ನಡುವೆ ಜೋತು ಬೀಳುತ್ತಲ್ಲ, ಹಾಗಿದೆ ಚಾವಣಿ: ಈಜೋ ಪೂಲ್ ಮೇಲೆ ಉಬ್ಬಿ, ನಡುವೆ ಇಳಿದು, ಡೈವಿಂಗ್ ಪೂಲ್ ಮೇಲೆ ಮತ್ತೆ ಏಳುತ್ತೆ. 160 ಮೀಟರ್ ಉದ್ದ, 3 ಸಾವಿರ ಟನ್‌ಗೂ ಮೀರಿದ ಸ್ಟೀಲು, ನಿಂತಿರೋದು ಬರೀ ಮೂರು ಕಡೆ ಆಧಾರದ ಮೇಲೆ! ಕೆಳಗೆ ಪೂರ್ತಿ ಕೆಂಪು ಮರದ ಪಟ್ಟಿಗಳು, ನಡುವೆ ಒಂದೂ ಕಂಬ ಇಲ್ಲ. ಬ್ಯಾಕ್‌ಸ್ಟ್ರೋಕ್, ಅಂದ್ರೆ ಅಂಗಾತ ಈಜು, ಮಾಡೋವಾಗ ಆ ಪಟ್ಟಿಗಳನ್ನೇ ನೋಡ್ಕೊಂಡು ನೇರ ಹೋಗೋಣ ಅಂದ್ರೆ ಅವು ಬಾಗ್ತಾ ಹೋಗ್ತವೆ, ಜೋಪಾನ. ಡೈವಿಂಗ್ ಬೋರ್ಡುಗಳು ಕಾಂಕ್ರೀಟಿನವು, ಆದ್ರೆ ನೆಲದಿಂದ ಹಾಗೇ ಎದ್ದು ನಾಲಿಗೆ ಚಾಚಿದಂಗಿವೆ.

ಇಲ್ಲಿ ಸ್ವಲ್ಪ ಝಹಾ ಹದೀದ್ ಕಥೆ ಹೇಳ್ಲೇಬೇಕು. 1950ರಲ್ಲಿ ಬಾಗ್ದಾದಲ್ಲಿ ಹುಟ್ಟಿ, ಬೇರೂತಲ್ಲಿ ಗಣಿತ ಓದಿ, 1972ರಲ್ಲಿ ಆರ್ಕಿಟೆಕ್ಚರ್ ಕಲಿಯೋಕೆ ಲಂಡನ್ನಿಗೆ ಬಂದೋರು. ಹಾಂಕಾಂಗಿನ ದ ಪೀಕ್ ಅನ್ನೋ ಕ್ಲಬ್ಬಿನ ಡಿಸೈನ್ ಕಾಂಪಿಟಿಷನ್ ಗೆದ್ರು, ಅದನ್ನ ಕಟ್ಟಲೇ ಇಲ್ಲ. 1994ರಲ್ಲಿ ವೇಲ್ಸಿನ ಕಾರ್ಡಿಫ್ ಆಪರಾ ಹೌಸ್ ಕಾಂಪಿಟಿಷನ್ ಗೆದ್ರು, ದುಡ್ಡು ಸಿಗಲಿಲ್ಲ ಅಂತ ಅದನ್ನೂ ಕೈಬಿಟ್ರು. ಪೇಪರ್ ಆರ್ಕಿಟೆಕ್ಟ್, ಅಂದ್ರೆ ಬರೀ ಕಾಗದದ ಮೇಲೆ ಕಟ್ಟೋರು ಅಂತ ಜನ ಆಡ್ಕೊಂಡ್ರು. ಜರ್ಮನಿಯಲ್ಲಿ ವಿಟ್ರಾ ಕಂಪನಿಯ ಫೈರ್ ಸ್ಟೇಷನ್ ಆಯ್ತು, ಅಮೆರಿಕದ ಸಿನ್ಸಿನಾಟಿಯಲ್ಲಿ ಮ್ಯೂಸಿಯಂ ಆಯ್ತು, 2004ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಕೂಡ ಬಂತು, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು, ಆದ್ರೆ ಆಫೀಸು ಇಟ್ಕೊಂಡಿದ್ದ ಬ್ರಿಟನ್ನಲ್ಲಿ ಅವರದ್ದೊಂದು ಪರ್ಮನೆಂಟ್ ಕಟ್ಟಡ ಎದ್ದಿದ್ದು 2006ರಲ್ಲಿ, ಅದೂ ಸ್ಕಾಟ್ಲೆಂಡಲ್ಲಿ, ಕ್ಯಾನ್ಸರ್ ಪೇಷೆಂಟುಗಳಿಗೆ ಅಂತ ಮಾಡಿದ ಪುಟ್ಟ ಮ್ಯಾಗೀಸ್ ಸೆಂಟರ್. ಇಷ್ಟು ಕಾಯಿಸಿದ್ರೆ ಚಾವಣಿ ಹಿಂಗೆ ಹಾರದೆ ಇನ್ನೇನು ಮಾಡುತ್ತೆ ಹೇಳಿ.

ಕೊರತೆನೂ ಇದೆ. ಖರ್ಚು ಮೊದಲ ಅಂದಾಜಿನ ಮೂರು ಪಟ್ಟು ದಾಟಿ 269 ಮಿಲಿಯನ್ ಪೌಂಡಿಗೆ ಹೋಯ್ತು. ಒಲಿಂಪಿಕ್ಸಿಗೆ 17,500 ಸೀಟು ಬೇಕು ಅಂತ ಎರಡೂ ಕಡೆ ತಾತ್ಕಾಲಿಕ ಸ್ಟ್ಯಾಂಡ್ ಅಂಟಿಸಿದ್ರು, ಕಟ್ಟಡದ ಚಂದ ಎಲ್ಲ ಅದರಡಿ ಮುಚ್ಚಿ ಹೋಯ್ತು, ಸಾಲದ್ದಕ್ಕೆ ಮೇಲಿನ ಸಾಲಲ್ಲಿ ಕೂತೋರಲ್ಲಿ ಕೆಲವರಿಗೆ ಚಾವಣಿನೇ ಅಡ್ಡ ಬಂದು 10 ಮೀಟರ್ ಡೈವಿಂಗ್ ಬೋರ್ಡೇ ಕಾಣ್ತಿರಲಿಲ್ಲ. ಅಷ್ಟು ದುಡ್ಡು ಸುರಿದು ಹಿಂಗಾದ್ರೆ ಜನ ಬೈದೇ ಬೈತಾರೆ, ನಾನೂ ಅವರ ಪರ. ಆಮೇಲೆ ಆ ಸ್ಟ್ಯಾಂಡ್ ಕಿತ್ತು ಗಾಜು ಹಾಕಿದ್ರು, 2014ರಲ್ಲಿ ಜನಕ್ಕೆ ತೆಗೆದ್ರು. ಈಗ ಸುಮಾರು 2,500 ಸೀಟು, ಹಗಲು ಬೆಳಕು ಎರಡೂ ಕಡೆಯಿಂದ ನೀರ ಮೇಲೆ ಬೀಳುತ್ತೆ. ನನ್ನ ಕೇಳಿದ್ರೆ ಒಲಿಂಪಿಕ್ಸ್ ಟಿಕೆಟ್ ಸಿಕ್ಕೋರಿಗಿಂತ ಈಗ ಹೋಗೋ ನಾವೇ ಪುಣ್ಯವಂತರು.

ಹೋಗೋರು ಒಂದು ವಿಷಯ ನೋಡ್ಕೊಳ್ಳಿ: ಒಳಗೆ 50 ಮೀಟರಿನ ಪೂಲ್ ಎರಡಿವೆ. ಟ್ರೈನಿಂಗ್ ಪೂಲ್ ಸೇತುವೆ ಕೆಳಗಿದೆ, ಅಲ್ಲಿ ತಲೆ ಮೇಲೆ ಕಾಂಕ್ರೀಟು, ಅದೂ ತಗ್ಗು, ಈಜೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ನೀವು ಹೋಗಿದ್ದು ಚಾವಣಿಗಾದ್ರೆ ಬೇಜಾರಾಗುತ್ತೆ. ಕಾಂಪಿಟಿಷನ್ ಪೂಲ್ ಅಂತಲೇ ನೋಡಿ ಬುಕ್ ಮಾಡಿ, ಟೂರ್ನಮೆಂಟ್ ಇದ್ದ ದಿನ ಅದು ಸಿಗಲ್ಲ. ಈಜು ಬರದೇ ಇರೋರು ಜೊತೆಗಿದ್ರೆ ಮೇಲೆ ಸೀಟಲ್ಲಿ ಕೂರಿಸಿ, ಅವರಿಗೂ ಚಾವಣಿ ಕಾಣುತ್ತೆ, ನಮಗೆ ಕಂಡಷ್ಟಲ್ಲ ಬಿಡಿ.