ಮಯಿಲಿ ಕಾಸು, ಕಂಪನಿ ಕಾಲಾಣೆ, ಪ್ರೂಫ್ ನಾಣ್ಯ: ನನ್ನ ಓಟು ಮೊದಲನೆಯದಕ್ಕೆ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 20 ಕಾಸಿನ ತಾಮ್ರದ ನಾಣ್ಯ, ಅಂದರೆ ‘ಮಯಿಲಿ ಕಾಸು’ ಎಂದು ಬರೆದಿರುವ ನಾಣ್ಯ, ಒಳ್ಳೆಯದೊಂದು ಸಿಕ್ಕಿದ ಖುಷಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಪಕ್ಷಪಾತ ಇದ್ದೇ ಇದೆ. ಅದರ ಜೊತೆಗೆ ನನ್ನ ಮೇಜಿನ ಮೇಲಿರುವುದು ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ ಮತ್ತು ಈಗಿನ ಸರ್ಕಾರಿ ಟಂಕಸಾಲೆಯ ಒಂದು ಸ್ಮಾರಕ ಪ್ರೂಫ್ ನಾಣ್ಯ (ಚಲಾವಣೆಗಲ್ಲ, ಸಂಗ್ರಹಕ್ಕೆಂದೇ ವಿಶೇಷ ಹೊಳಪಿನಲ್ಲಿ ಒತ್ತಿದ್ದು). ನಾಣ್ಯ ಹೇಗೆ ತಯಾರಾಗುತ್ತದೆ ಎಂಬ ಕುತೂಹಲದಿಂದ ಸಂಗ್ರಹ ಶುರು ಮಾಡುವವರು ಮೊದಲ ದುಡ್ಡನ್ನು ಮಯಿಲಿ ಕಾಸಿಗೇ ಹಾಕಲಿ.

ಮಯಿಲಿ ಕಾಸು ಸುತ್ತಿಗೆ ಏಟಿನ ನಾಣ್ಯ. ಕೆಳಗೊಂದು ಅಚ್ಚು ಕದಲದಂತೆ ಕೂತಿರುತ್ತದೆ, ಅದರ ಮೇಲೆ ತೂಕಕ್ಕೆ ಸರಿಮಾಡಿದ ತಾಮ್ರದ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು. ಮೇಲಿಂದ ಏಟು ಬಿದ್ದರೆ ಎರಡೂ ಕಡೆ ಮುದ್ರೆ. ಬಿಲ್ಲೆಯನ್ನು ಸುತ್ತ ಹಿಡಿದಿಡುವ ಬಳೆ ಇಲ್ಲವಾದ್ದರಿಂದ ಲೋಹ ಎತ್ತ ಬೇಕಾದರೂ ಹರಡಿಕೊಳ್ಳುತ್ತದೆ. ನನ್ನದರಲ್ಲಿ ಆನೆ ಇಡಿಯಾಗಿದೆ, ಮೇಲಿನ ‘ಶ್ರೀ’ ಮಾತ್ರ ಅರ್ಧ ಅಂಚಿನಾಚೆ ಹೋಗಿದೆ. ‘ಮಯಿಲಿ’ ಸಲೀಸಾಗಿ ಓದಬಹುದು, ‘ಕಾಸು’ವಿನ ಕೊಂಬು ತುಂಡಾಗಿದೆ. ಅಂಚನ್ನು ಬೆರಳಲ್ಲಿ ಸವರಿದರೆ ಒಂದು ಕಡೆ ದಪ್ಪ, ಎದುರಿಗೆ ತೆಳು. ಏಟು ಎತ್ತ ವಾಲಿತ್ತು ಎನ್ನುವುದು ಕೈಗೇ ಗೊತ್ತಾಗುತ್ತದೆ. ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಒಂದೇ ನಾಣ್ಯದಲ್ಲಿರುವುದು ಬೋನಸ್ಸು.

ತಕರಾರು ಹುಟ್ಟುವುದೂ ಇಲ್ಲಿಂದಲೇ. ಇದೇ ಬಗೆಯ ನಾಣ್ಯವೊಂದನ್ನು ಮೊದಲು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ್ದೆ. ಫೋಟೊದಲ್ಲಿ ಸೂರ್ಯ, ಚಂದ್ರ, ‘ಶ್ರೀ’ ಎಲ್ಲ ಒಳಗೇ ಇದ್ದವು. ಪೊಟ್ಟಣ ಬಿಚ್ಚಿದರೆ ಆನೆಗೆ ಸೊಂಡಿಲಿಲ್ಲ, ಹಿಂಬದಿಯಲ್ಲಿ ಕನ್ನಡದ ಸಾಲೇ ಇಲ್ಲ. ಫೋನ್ ಮಾಡಿದಾಗ ಬಂದ ಉತ್ತರ: “ಫೋಟೊ ಸ್ಯಾಂಪಲ್ ಸರ್, ಟೈಪು ಅದೇ ಅಲ್ವಾ?”

ಯಂತ್ರದ ನಾಣ್ಯಕ್ಕಾದರೆ ಈ ಮಾತು ನಡೆಯುತ್ತದೆ, ಸವೆತ ಒಂದನ್ನು ಬಿಟ್ಟರೆ ಒಂದರ ಫೋಟೊ ಇನ್ನೊಂದಕ್ಕೂ ಆದೀತು. ಸುತ್ತಿಗೆಯ ನಾಣ್ಯದಲ್ಲಿ ಒಂದೊಂದು ಏಟಿಗೆ ಒಂದೊಂದು ನಾಣ್ಯ. ಬೆಲೆ ನಿಂತಿರುವುದೇ ಯಾವ ಅಕ್ಷರ ಬಿಲ್ಲೆಯ ಒಳಗೆ ಉಳಿಯಿತು ಎಂಬುದರ ಮೇಲೆ. ಪೂರ್ತಿ ಬರಹಕ್ಕೆ ಕೊಟ್ಟ ರೇಟಿಗೆ ಅರ್ಧ ಬರಹ ಬಂದರೆ ಅದು ಬೇರೆಯೇ ಸರಕು. ವಾದ ಮಾಡಿ ವಾಪಸ್ ಕಳಿಸಿದೆ, ಕೊರಿಯರ್ ದುಡ್ಡು ಹೋಯಿತು. ಈಗಿರುವುದನ್ನು ಬೆಂಗಳೂರಿನ ನಾಣ್ಯಮೇಳವೊಂದರಲ್ಲಿ ಭೂತಗನ್ನಡಿ ಹಿಡಿದು, ಎರಡೂ ಮುಖ ತಿರುಗಿಸಿ ನೋಡಿ ತಂದದ್ದು. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದೂ ಅಲ್ಲಿತ್ತು, ಮುಟ್ಟಲಿಲ್ಲ.

ಕಂಪನಿ ಕಾಲಾಣೆಯಲ್ಲಿ ಈ ರಗಳೆ ಇಲ್ಲ. ಕಲ್ಕತ್ತೆಯ ಹೊಸ ಟಂಕಸಾಲೆ 1829ರಿಂದ ಉಗಿಯಂತ್ರದಲ್ಲಿ ನಡೆಯುತ್ತಿತ್ತು, 1835ರ ಕಾಯಿದೆಯಿಂದ ಕಂಪನಿಯ ಸೀಮೆಗೆಲ್ಲ ಒಂದೇ ಬಗೆಯ ನಾಣ್ಯ ಬಂತು. ತೂಕ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. ಗುಂಡಗಿದೆ, ಸಿಂಹಗಳ ಲಾಂಛನ ಚೊಕ್ಕವಾಗಿದೆ, ಅಗ್ಗ, ಎಲ್ಲಿ ಕೇಳಿದರೂ ಸಿಗುತ್ತದೆ. ಆಲ್ಬಮ್ಮಿಗೆ ಸೇರಿಸಿದ ಮೇಲೆ ನಾನದನ್ನು ಹೊರಗೆ ತೆಗೆದದ್ದು ಕಡಿಮೆ. ಆದರೆ ರಾಮ, ಸೀತೆ, ಹನುಮಂತನ ಚಿತ್ರವಿರುವ ‘1818ರ ಕಂಪನಿ ನಾಣ್ಯ’ ಎಂದು ಯಾರಾದರೂ ತೋರಿಸಿದರೆ ಮುಂದೆ ನಡೆಯಿರಿ. ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ.

ಪ್ರೂಫ್ ನಾಣ್ಯ ನೋಡಲು ಬಲು ಚೆಂದ. ಬಿಲ್ಲೆಗೂ ಅಚ್ಚಿಗೂ ಪಾಲಿಶ್ ಮಾಡಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಚಿತ್ರವಿಲ್ಲದ ಖಾಲಿ ಭಾಗ ಕನ್ನಡಿಯಂತೆ, ಚಿತ್ರ ಮಂಜು ಕವಿದ ಬಿಳುಪು. ನನ್ನದು 35 ಗ್ರಾಂ, 44 ಮಿ.ಮೀ., ಅರ್ಧದಷ್ಟು ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಆದರೆ ಡಬ್ಬಿಯಿಂದ ತೆಗೆಯುವಂತಿಲ್ಲ. ಬೆರಳು ತಾಗಿದರೆ ಗುರುತು, ಗುರುತು ಬಿದ್ದರೆ ಬೆಲೆ ಇಳಿತ. ಅಂಚಿನ ಗೀರುಗಳನ್ನು ಸವರಿ ನೋಡುವ ನನ್ನಂಥವನಿಗೆ ಇದು ಶಿಕ್ಷೆಯೇ.

ಹೂಡಿಕೆ, ಉಡುಗೊರೆ ಅಂತಿದ್ದರೆ ಪ್ರೂಫ್ ತಗೊಳ್ಳಿ, ಬೇಡ ಅನ್ನುವುದಿಲ್ಲ. ನನ್ನದು ತಿಂಗಳ ಸಂಬಳದಲ್ಲಿ ಮಿಕ್ಕಿದ್ದರಲ್ಲಿ ನಡೆಯುವ ಹುಚ್ಚು, ಅದೂ ರಾತ್ರಿ ಊಟವಾದ ಮೇಲೆ ನಾಣ್ಯ ಕೈಯಲ್ಲಿ ಹಿಡಿದು ಕೂರುವ ಅಭ್ಯಾಸ. ಆ ಒಂದು ಪ್ರೂಫಿನ ದುಡ್ಡಿಗೆ ನನಗೆ ಮಯಿಲಿ ಕಾಸು ನಾಲ್ಕೈದು ಬರುತ್ತಿದ್ದವು. ಇದೇ ಅರಸರ ಸಿಂಹದ ಅಚ್ಚಿನ ಕಾಸೂ ಇದೆ. ಮುಂದಿನ ಮೇಳದಲ್ಲಿ ಹುಡುಕುವುದು ಅದನ್ನೇ.